ಬಾಗಿಲು ಇದ್ದದ್ದು

ಔಲು ಪಟ್ಟಣದ ಚರ್ಚಿನಲ್ಲಿ ಒಂದು ರೂಢಿ:
ಹೂ ಇಡಲು ಬಂದವರು ಪೆಟ್ಟಿಗೆಯ ಮುಂದೆ ನಿಂತು
ರಿಬ್ಬನ್ನಿನ ಮೇಲೆ ಬರೆದದ್ದನ್ನು
ಎಲ್ಲರಿಗೂ ಕೇಳುವಂತೆ ಓದಬೇಕು.
ಹಡಗಿನಿಂದ ಇಳಿದು, ರೈಲು ಹತ್ತಿ,
ಆರು ತಾಸು ಹಿಮ ನೋಡಿಕೊಂಡು ಬಂದಮೇಲೆ
ಇದು ನನಗೆ ಗೊತ್ತಾಯಿತು.

"ಪ್ರೀತಿಯ ಅತ್ತೆಗೆ," ಓದಿದಳು ತಮ್ಮನ ಮಗಳು.
"ಶಾಲೆಯ ಅಡುಗೆಮನೆಯಿಂದ,
ಗುರುವಾರದ ಬಟಾಣಿ ಸಾರಿನ ನೆನಪಿಗೆ."
ಆಮೇಲೆ ನನ್ನ ಸರದಿ.

ನನ್ನ ರಿಬ್ಬನ್ನು ಮಾರುದ್ದ.
ಹನ್ನೊಂದು ದೇಶದ ನಲವತ್ತೊಂದು ಹೆಂಗಸರು
ಚಂದಾ ಎತ್ತಿ ಕಳಿಸಿದ ಹೂವು.
ಒಬ್ಬಳ ಮನೆತನದ ಹೆಸರೂ ನನಗೆ ತಿಳಿಯದು.
ಗಂಟಲು ಸರಿಮಾಡಿಕೊಂಡು ಓದಿದೆ:
ಉಪ್ಪಿನ ಹರಳು. ಮಂಜಿನ ಬೆಕ್ಕು.
ಕ್ಯಾಪ್ಟನ್ ಕಳೆದುಕೊಂಡ ಕೈಗವಸು.
ಅರ್ಧ ಚಹಾ. ಹದಿನಾಲ್ಕನೆಯ ಕಂತು.
ಮುಂದಿನ ಸಾಲಿನ ಮುದುಕ ಕಿವಿಯ ಯಂತ್ರ ತಿರುಪಿಕೊಂಡ.
ಪಾದ್ರಿ ಮಾತ್ರ ತಲೆಯಾಡಿಸುತ್ತಿದ್ದರು,
ಸಂತರ ಪಟ್ಟಿ ಕೇಳುತ್ತಿರುವಂತೆ.

ಕಾಫಿಯ ಹೊತ್ತಿಗೆ ತಮ್ಮ ವೇಯ್ಕೊ ಹತ್ತಿರ ಬಂದ.
"ನೀವು ತೂಲಿಕ್ಕಿಯ ಜೊತೆ ಅಡುಗೆಮನೆಯಲ್ಲಿದ್ದವರಾ?"
ಹೌದು, ಎಂದೆ.
ಸುಳ್ಳೇನಲ್ಲ.

ಕಪ್ಪು ಟೈ ಕಟ್ಟಿ, ತಟ್ಟೆ ಹಿಡಿದು ನಿಂತವನಿಗೆ
ಹೇಗೆ ಹೇಳಲಿ:
ಒಂದು ಧಾರಾವಾಹಿ ಇತ್ತು, ಹಿಮ ಒಡೆಯುವ ಹಡಗಿನದು.
ದುಡ್ಡು ಮುಗಿಯಿತೆಂದು ಹದಿಮೂರಕ್ಕೇ ನಿಲ್ಲಿಸಿದರು,
ಹಡಗು ಹಿಮದಲ್ಲಿ ಸಿಕ್ಕಿಬಿದ್ದಿದ್ದಾಗಲೇ.
ಬರೆದವರೆಲ್ಲ ಗಂಡಸರು. ಹಡಗಿನ ವೈದ್ಯೆಗೆ
ಎಲ್ಲ ಸೇರಿ ಒಂಬತ್ತು ಮಾತು,
ಅದರಲ್ಲಿ ಮೂರು "ಸರಿ, ಕ್ಯಾಪ್ಟನ್."

ಉಳಿದದ್ದನ್ನು ನಾವು ಆಡಿಸಿದೆವು.
ಹತ್ತೊಂಬತ್ತು ವರ್ಷ.
ಮಗುವಿಗೆ ಹಾಲೂಡಿಸುತ್ತ ಒಂದೇ ಕೈಯಲ್ಲಿ,
ರಾತ್ರಿಪಾಳಿಯ ಔಷಧದಂಗಡಿಯಲ್ಲಿ,
ಗಂಡ ಬಿಟ್ಟುಹೋದ ವಾರ,
ಬಿಟ್ಟುಹೋಗಲೆಂದು ಕಾದ ವರ್ಷ.
ಅರವತ್ತು ಸಲ ಹಡಗನ್ನು ಬಿಡಿಸಿದೆವು,
ಮತ್ತೆ ಹಿಮಕ್ಕೇ ಒಯ್ದು ಸಿಕ್ಕಿಸಿದೆವು,
ದಡ ಕಂಡರೆ ಕಥೆ ಮುಗಿಯುತ್ತದೆಂಬ ಹೆದರಿಕೆಗೆ.

"ಮಾಡಲು ಕೆಲಸವಿಲ್ಲದ ಹೆಂಗಸರು" ಎಂದಿದ್ದ
ತಾರ್ತುವಿನಲ್ಲಿ ನನ್ನ ಭಾವ,
ಫುಟ್ಬಾಲ್ ತಂಡದ ಶಾಲು ಹೊದ್ದು
ಮುಖಕ್ಕೆ ನೀಲಿ ಬಳಿದುಕೊಂಡು.

ನೂರೈವತ್ತು ಮಕ್ಕಳಿಗೆ ಬಡಿಸಿ, ಹಂಡೆ ತಿಕ್ಕಿ ಬಂದಮೇಲೆ
ತೂಲಿಕ್ಕಿ ಹೊಸ ಹುಡುಗಿಯರ ಕಥೆ ತಿದ್ದುತ್ತಿದ್ದಳು.
ಅವರ ಕಥೆಗಿಂತ ಇವಳ ಓಲೆಯೇ ಉದ್ದ,
ಬೈಗುಳ ಒಂದೂ ಇಲ್ಲ.
ಮಸುಕು ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ಅಳೆದು
ಇಡೀ ಹಡಗಿನ ನಕ್ಷೆ ಬಿಡಿಸಿದಳು.
ಅಡುಗೆಮನೆಯ ಬಾಗಿಲು ಬಲಕ್ಕೆ, ಎಂದಳು.
ಎಡಕ್ಕೆ, ಎಂದೆ ನಾನು.
ಎಂಟು ತಿಂಗಳು ಜಗಳ.
ಆಮೇಲೆ ಎರಡು ವರ್ಷ ಮಾತಿಲ್ಲ.
ನಡುವೆ ಅವಳಿಗೆ ಕಾಯಿಲೆಯೆಂದು ಮಂಜಿನ ಬೆಕ್ಕು ತಿಳಿಸಿದಳು.
ನಾಳೆ ಬರೆದರಾಯಿತು ಅಂದುಕೊಂಡೆ.
ಅಂಥ ನಾಳೆಗಳು ಸುಮಾರು ಎಪ್ಪತ್ತು.

ವೇಯ್ಕೊ ಮಡಿಚಿದ ಹಾಳೆಯೊಂದನ್ನು ಕೈಗಿತ್ತ.
ಅವಳ ಕಂಪ್ಯೂಟರಿನಲ್ಲಿ ತೆರೆದೇ ಇತ್ತಂತೆ.
"ಅಡುಗೆಯ ವಿಧಾನ ಅಂದುಕೊಂಡೆ. ಅಲ್ಲ.
ನಿಮಗೇನಾದರೂ ಅರ್ಥವಾದೀತು."

ಮರಳುವ ಹಡಗಿನಲ್ಲಿ ಓದಿದೆ.
ದೀಪ ಆರಿದೆ. ಹಸಿದವರಿಗೆ ಸಾರು ಕಾಯಿಸಲು
ವೈದ್ಯೆ ಗೋಡೆ ತಡವುತ್ತ ನಡೆಯುತ್ತಾಳೆ.
ಕೊನೆಯ ಸಾಲು: ಬಾಗಿಲು ಇದ್ದದ್ದು
ಅಷ್ಟೇ. ಚುಕ್ಕೆಯೂ ಇಲ್ಲ.

ಕಿಟಕಿಯಾಚೆ ಕೊಲ್ಲಿಯ ನೀರು ಇನ್ನೂ ಹೆಪ್ಪುಗಟ್ಟಿರಲಿಲ್ಲ.
ಪಕ್ಕದ ಮೇಜಿನಲ್ಲಿ ಯಾರೋ ಇಸ್ಪೀಟು ಆಡುತ್ತಿದ್ದರು.
ಪೆನ್ನು ಕೇಳಿ ಪಡೆದು ಬರೆದೆ: ಬಲಕ್ಕೆ.

ಎಡಕ್ಕೇ ಇತ್ತು.
ನನಗೆ ಇವತ್ತಿಗೂ ಅನುಮಾನವಿಲ್ಲ.